ಸುಂಕದವನ ಮುಂದೆ ಒಬ್ಬರೇ ನಿಂತಾಗ

ಪ್ರಶ್ನೆ: ಚನ್ನಪಟ್ಟಣದಲ್ಲಿ ನಮ್ಮದು ನಾಲ್ಕು ಲೇತ್‌ಗಳ ಸಣ್ಣ ಗೊಂಬೆ ಘಟಕ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸುಂಕ ಏರಿಸಿದಾಗ ನಮ್ಮ ಆರ್ಡರ್ ಅರ್ಧಕ್ಕೇ ನಿಂತುಹೋಯಿತು. ‘ಸಂಘಕ್ಕೆ ಸೇರಿ, ಅವರು ದಾರಿ ತೋರಿಸುತ್ತಾರೆ’ ಎಂದು ಹಲವರು ಹೇಳುತ್ತಾರೆ. ಸುಂಕ ಹಾಕುವುದು ಸರ್ಕಾರಗಳು. ಅದರಲ್ಲಿ ಸಂಘದವರು ಮಾಡುವುದೇನು? ಸುಂಕದವನ ಹತ್ತಿರ ಸುಖದುಃಖ ಹೇಳಿಕೊಂಡ ಹಾಗೆ ಆಗುವುದಿಲ್ಲವೇ?
– ಒಬ್ಬ ಓದುಗರು, ಚನ್ನಪಟ್ಟಣ

ಉತ್ತರ: ಗಾದೆ ಸುಳ್ಳಲ್ಲ. ಮಾಗಡಿಯಿಂದ ಬೆಂಗಳೂರಿಗೆ ಬರುವ ದಾರಿಯಲ್ಲಿ ಸುಂಕದಕಟ್ಟೆ ಎಂಬ ಊರೇ ಇದೆ. ಅಂಥ ಕಟ್ಟೆಯ ಮುಂದೆ ಗಾಡಿ ನಿಲ್ಲಿಸಿಕೊಂಡು ಎಷ್ಟು ಗೋಳಾಡಿದರೂ ಸುಂಕದವನು ಕರಗಲಿಲ್ಲ ಎನ್ನುವುದು ನಮ್ಮ ಹಿರಿಯರು ಕಂಡ ಸತ್ಯ. ಆದರೆ ಆ ಗಾದೆಯ ಮನುಷ್ಯನನ್ನು ಸ್ವಲ್ಪ ಗಮನಿಸಿ. ಅವನು ಒಬ್ಬನೇ ಇದ್ದಾನೆ. ಮಾತು ಶುರು ಮಾಡಿದ್ದು ಕಟ್ಟೆ ತಲುಪಿದ ಮೇಲೆ. ಸಂಘದಿಂದ ಬದಲಾಗಬೇಕಾದ್ದು ಇವೆರಡು. ಯಾವ ಸಂಘವೂ ವಾಷಿಂಗ್ಟನ್‌ನ ಸುಂಕ ಇಳಿಸಲಾರದು. ಇಳಿಸಿಕೊಡುತ್ತೇವೆ ಎಂದು ಚಂದಾ ಕೇಳುವವರನ್ನು ನಂಬಬೇಡಿ. ಗಾಡಿ ಹೂಡುವ ಮೊದಲೇ ಕಟ್ಟೆಯ ದರ ತಿಳಿಸಬೇಕು, ಒಬ್ಬರಿಗೆ ತೆರೆಯದ ಬಾಗಿಲನ್ನು ಹತ್ತಾರು ಜನರಾಗಿ ತಟ್ಟಬೇಕು. ಸಂಘ ಬೇಕಾಗುವುದು ಇದಕ್ಕೆ.

ನಿಮ್ಮ ಆರ್ಡರ್ ನಿಂತ ತಿಂಗಳನ್ನೇ ನೋಡೋಣ. 2025ರ ಏಪ್ರಿಲ್ 2ರಂದು ಅಮೆರಿಕ ನಮ್ಮ ಸರಕಿನ ಮೇಲೆ ಶೇ 26ರ ಹೆಚ್ಚುವರಿ ಸುಂಕ ಘೋಷಿಸಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು ಶೇ 10 ಮಾತ್ರ ಉಳಿಸಿಕೊಂಡಿತು. ಆಗಸ್ಟ್ 7ಕ್ಕೆ ಅದು ಶೇ 25 ಆಯಿತು. ರಷ್ಯಾದ ತೈಲ ಕೊಳ್ಳುತ್ತೇವೆ ಎಂಬ ಕಾರಣ ಕೊಟ್ಟು ಮತ್ತೊಂದು ಶೇ 25ನ್ನು ಆಗಸ್ಟ್ 27ರಿಂದ ಹೇರಿತು. ಆಟಿಕೆಗಳಿಗೆ ಅಮೆರಿಕದ ಮಾಮೂಲಿ ಆಮದು ಸುಂಕ ಸೊನ್ನೆ. ಸೊನ್ನೆ ಇದ್ದ ಕಡೆ ಐದು ತಿಂಗಳೊಳಗೆ ಶೇ 50 ಬಂದು ಕೂತಿತು. ಅಲ್ಲಿಂದೀಚೆಗೆ ದರ ಬದಲಾಗುತ್ತಲೇ ಬಂದಿದೆ, ಹಾಗಾಗಿ ಆರ್ಡರ್ ಒಪ್ಪಿಕೊಳ್ಳುವ ದಿನದ ದರವನ್ನು ಆ ದಿನವೇ ಕೇಳಿ ತಿಳಿದುಕೊಳ್ಳಬೇಕು.

ಇದರಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಸಂಗತಿ ಇತ್ತು. ಎರಡನೆಯ ಶೇ 25ರ ಆದೇಶ ಹೊರಬಿದ್ದದ್ದು ಆಗಸ್ಟ್ 6ರಂದು, ಜಾರಿಗೆ ಬಂದದ್ದು 21 ದಿನದ ಮೇಲೆ. ಆಗಸ್ಟ್ 27ಕ್ಕೆ ಮೊದಲು ಹಡಗು ಏರಿದ ಸರಕು ಸೆಪ್ಟೆಂಬರ್ 17ಕ್ಕೆ ಮುಂಚೆ ಅಲ್ಲಿನ ಕಸ್ಟಮ್ಸ್ ದಾಟಿದರೆ ಆ ಎರಡನೆಯ ಸುಂಕ ತಗಲುತ್ತಿರಲಿಲ್ಲ. ಚೆನ್ನೈನಿಂದ ಅಮೆರಿಕದ ಪೂರ್ವ ಕರಾವಳಿಗೆ ಹಡಗಿನಲ್ಲಿ ಒಂದು ತಿಂಗಳಿಗೂ ಹೆಚ್ಚು ಬೇಕು. ಅಂದರೆ ಆಗಸ್ಟ್ ಕೊನೆಯಲ್ಲಿ ಹಡಗು ಹತ್ತಿಸಿದವರಿಗೆ ಆ ರಿಯಾಯಿತಿ ಕೈಗೆ ಸಿಗುವಂತಿರಲಿಲ್ಲ. ಆದೇಶ ಬಂದ ವಾರವೇ ಸರಕು ಹಡಗು ಹತ್ತಿಸಿದವರು, ಇಲ್ಲವೇ ವಿಮಾನದ ಬಾಡಿಗೆ ಕೊಟ್ಟು 27ಕ್ಕೆ ಮೊದಲೇ ಅಲ್ಲಿ ಇಳಿಸಿದರೂ ಸುಂಕಕ್ಕಿಂತ ಕಡಿಮೆಯಾದೀತೇ ಎಂದು ಕೂತು ಲೆಕ್ಕ ಹಾಕಿದವರು ಆ ಸುಂಕದಿಂದ ಪಾರಾಗಬಹುದಿತ್ತು. ಈ ನಿಯಮವಿದ್ದದ್ದು ಇಂಗ್ಲಿಷಿನ ಸರ್ಕಾರಿ ಪ್ರಕಟಣೆಯೊಂದರ ನಡುವಿನ ಪ್ಯಾರಾದಲ್ಲಿ. ಬೆಳಗಿನಿಂದ ಸಂಜೆವರೆಗೆ ಅರಗಿನ ಕಡ್ಡಿ ಹಿಡಿದು ಲೇತ್ ಮುಂದೆ ಕೂರುವವರು ಅದನ್ನು ಓದಬೇಕೆಂದರೆ ಆಗುತ್ತದೆಯೇ? ಅದನ್ನು ಓದಲು ಒಬ್ಬರನ್ನು ಇಟ್ಟುಕೊಂಡು, ಅದೇ ಸಂಜೆ ಸದಸ್ಯರ ಮೊಬೈಲಿಗೆ ನಾಲ್ಕು ಸಾಲು ಕನ್ನಡದಲ್ಲಿ ಕಳಿಸುವ ಸಂಘವಿದ್ದರೆ ಅದರ ವರ್ಷದ ಚಂದಾ ಒಂದೇ ವಾರದಲ್ಲಿ ತೀರುತ್ತದೆ.

ಅಂಚೆಯ ಮೂಲಕ ಬಿಡಿ ಗೊಂಬೆ ಕಳಿಸುವವರ ಪಾಡು ಇನ್ನೂ ಕಷ್ಟದ್ದಾಯಿತು. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಅಮೆರಿಕ ಸುಂಕವನ್ನೇ ಕೇಳುತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಗಿರಾಕಿ ಹುಡುಕಿಕೊಂಡು ಗಿಲಕಿ, ಬುಗುರಿ, ಗಾಡಿ ಕಳಿಸುತ್ತಿದ್ದ ಸಣ್ಣವರಿಗೆ ಇದೇ ಆಧಾರ. ಆ ವಿನಾಯಿತಿ 2025ರ ಆಗಸ್ಟ್ 29ರಂದು ಮುಗಿಯಿತು. ಸುಂಕ ವಸೂಲಿ ಹೇಗೆಂಬುದೇ ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಮೆರಿಕಕ್ಕೆ ಹೆಚ್ಚಿನ ಪಾರ್ಸೆಲ್ ನಿಲ್ಲಿಸಿತ್ತು. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಆಗ ಘೋಷಿತ ಮೌಲ್ಯದ ಶೇ 50ನ್ನು ಕಳಿಸುವವರಿಂದ ಮುಂಗಡವಾಗಿಯೇ ಕಟ್ಟಿಸಿಕೊಳ್ಳುವ ಏರ್ಪಾಡಾಗಿತ್ತು. ಆ ಒಂದೂವರೆ ತಿಂಗಳಿಗೂ ಹೆಚ್ಚಿನ ಅವಧಿ ದಸರಾ ದಾಟಿ ದೀಪಾವಳಿಯ ಬಾಗಿಲಿಗೆ ಬಂದು ಮುಟ್ಟುವ ವ್ಯಾಪಾರದ ದಿನಗಳು. ನಾಲ್ಕೈದು ಘಟಕದವರು ಪಾರ್ಸೆಲ್‌ಗಳನ್ನು ಒಂದೇ ಪೆಟ್ಟಿಗೆಗೆ ಸೇರಿಸಿ, ಒಬ್ಬ ಕಸ್ಟಮ್ಸ್ ಏಜೆಂಟರ ಮೂಲಕ ಒಂದೇ ಬಿಲ್ಲಿನಲ್ಲಿ ವಿಮಾನಕ್ಕೆ ಹಾಕಿಸಿ, ಅಲ್ಲಿ ಬಿಡಿಸಿ ಹಂಚಿಸಬಹುದು. ಸುಂಕ ತಪ್ಪುವುದಿಲ್ಲ, ಆದರೆ ದಾರಿ ಮುಚ್ಚಿಹೋಗುವುದು ತಪ್ಪುತ್ತದೆ. ಇಂಥದ್ದನ್ನು ಒಬ್ಬರೇ ಮಾಡಿದರೆ ಏಜೆಂಟರ ಖರ್ಚೇ ಗೊಂಬೆಯ ಬೆಲೆ ಮೀರುತ್ತದೆ.

ಇನ್ನು ಕೋಡ್ ವಿಚಾರ. ಇದು ಒಣ ವಿಷಯ ಅನ್ನಿಸಬಹುದು, ಆದರೆ ಹಣ ಹೋಗುವುದೂ ಉಳಿಯುವುದೂ ಇಲ್ಲಿಯೇ. ಪ್ರಪಂಚದಾದ್ಯಂತ ಸರಕುಗಳನ್ನು ಎಚ್‌ಎಸ್ ಕೋಡ್ ಎಂಬ ಅಂಕಿಗಳಲ್ಲಿ ಗುರುತಿಸುತ್ತಾರೆ. ಸುಂಕ ಬೀಳುವುದು ಆ ಅಂಕಿಯ ಮೇಲೆ. ನಿಮ್ಮ ಒಂದೇ ಲೇತ್‌ನಲ್ಲಿ ಒಂದೇ ಆಲೆ ಮರದ ತುಂಡಿನಿಂದ ಮಗುವಿನ ಗಿಲಕಿ ಮಾಡಿದರೆ ಅದು 9503, ಅಂದರೆ ಆಟಿಕೆ. ಅದೇ ಮರದಲ್ಲಿ ಬಟ್ಟಲು, ಚಮಚ ತಿರುವಿದರೆ 4419, ಅಡುಗೆಮನೆಯ ಮರದ ಸಾಮಾನು. ಶೋಕೇಸಿಗೆ ಇಡುವ ಅಲಂಕಾರದ ವಸ್ತು 4420. ಅರಗು ಬಳಿದ ಬಳೆಯಾದರೆ 7117, ಕೃತಕ ಆಭರಣ. ನಾಲ್ಕಕ್ಕೂ ಒಂದೇ ದರವಲ್ಲ, ಒಂದೇ ಪರೀಕ್ಷೆಯೂ ಅಲ್ಲ. ಬಿಲ್ ಬರೆಯುವವರು ಎಲ್ಲವನ್ನೂ ‘ಚನ್ನಪಟ್ಟಣ ಗೊಂಬೆ’ ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ ಅಲ್ಲಿನ ಅಧಿಕಾರಿ ತನಗೆ ತೋಚಿದ ಕೋಡ್ ಹಾಕುತ್ತಾನೆ. ಅಮೆರಿಕದ ಕಸ್ಟಮ್ಸ್ ಇಲಾಖೆ ತನ್ನ ಹಳೆಯ ವರ್ಗೀಕರಣ ತೀರ್ಪುಗಳನ್ನು ಎಲ್ಲರೂ ನೋಡುವಂತೆ ಇಟ್ಟಿದೆ; ಅಲ್ಲಿನ ಆಮದುದಾರ ಮೊದಲೇ ತೀರ್ಪು ಕೇಳಿ ಪಡೆಯಲೂಬಹುದು. ಊರಿನಲ್ಲಿ ತಯಾರಾಗುವ ಸಾಮಾನುಗಳಿಗೆಲ್ಲ ಕೋಡ್ ಹಚ್ಚಿ ಒಂದು ಕೈಪಿಡಿ ಮಾಡುವುದು ಒಮ್ಮೆ ಮಾಡಿ ಮುಗಿಸುವ ಕೆಲಸ. ಗೊಂಬೆ ತಯಾರಕರ ಸಂಘ ಎಂದು ಬೋರ್ಡ್ ಹಾಕಿಕೊಂಡವರು ಇದನ್ನು ಮೊದಲು ಮಾಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಿಮ್ಮ ಊರಿಗೆ ಸುಂಕದಿಂದ ಲಾಭವೂ ಆಗಿದೆ, ಅದನ್ನೂ ಹೇಳಬೇಕು. ಭಾರತ 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. ಚೀನಾದ ಪ್ಲಾಸ್ಟಿಕ್ ಆಟಿಕೆಗೆ ಇದು ದೊಡ್ಡ ತಡೆ. ಅದರ ಜೊತೆಯಲ್ಲೇ 2021ರ ಜನವರಿ 1ರಿಂದ ಎಲ್ಲ ಆಟಿಕೆಗೂ ಬಿಐಎಸ್ ಗುರುತು ಕಡ್ಡಾಯವಾಯಿತು. ಆ ನಿಯಮ ಹಾಗೆಯೇ ಜಾರಿಯಾಗಿದ್ದರೆ ಪ್ರಯೋಗಾಲಯ ಕಟ್ಟಲಾಗದ ಚನ್ನಪಟ್ಟಣದ ಮನೆಮನೆಯ ಲೇತ್‌ಗಳೇ ಮುಚ್ಚಬೇಕಿತ್ತು. ಜಾರಿಗೆ ಮೊದಲು, 2020ರ ಡಿಸೆಂಬರ್‌ನಲ್ಲಿ, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ ಜಿಐ (ಭೌಗೋಳಿಕ ಸೂಚಕ) ನೋಂದಣಿಯ ಅಧಿಕೃತ ಬಳಕೆದಾರರಿಗೂ ವಿನಾಯಿತಿ ಬಂತು. ನಿಮ್ಮ ಗೊಂಬೆಗೆ ಜಿಐ ಇದೆ. ಆದರೆ ಊರಿಗೆ ಜಿಐ ಇದ್ದ ಮಾತ್ರಕ್ಕೆ ನಿಮಗೆ ವಿನಾಯಿತಿ ಇಲ್ಲ. ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿರಬೇಕು, ಇಲ್ಲವೇ ಕುಶಲಕರ್ಮಿಯ ಗುರುತಿನ ಚೀಟಿ ಇರಬೇಕು. ಅರ್ಜಿ ತುಂಬಿಸಿ ಹೆಸರು ಸೇರಿಸುವುದು ಸಂಘ ಮಾಡಬಹುದಾದ ಅತ್ಯಂತ ಸರಳ ಉಪಕಾರ.

ಒಬ್ಬರಿಗೆ ತೆರೆಯದ ಬಾಗಿಲು ಎಂದೆನಲ್ಲ, ಅದನ್ನು ತಿಳಿಯಲು ನೀವು ಹದಿಮೂರು ಕಿಲೋಮೀಟರಿನಷ್ಟು ಆಚೆಗೆ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಬೇಕು. ಕನಕಪುರ, ಮಾಗಡಿ ಕಡೆಯಿಂದ ಗೂಡು ತಂದು ಜಾಲರಿಯಲ್ಲಿ ಸುರಿಯುವ ರೈತರಿಗೆ ಚೀನಾದ ರೇಷ್ಮೆಯ ದರ ಮನೆಯ ರಾಗಿಯ ದರದಷ್ಟೇ ಪರಿಚಿತ. ಸುಂಕದ ಪ್ರಶ್ನೆ ಅಲ್ಲಿ ಹೊಸದಲ್ಲ. 1930ರ ದಶಕದ ಆರಂಭದಲ್ಲಿ ಜಪಾನ್, ಚೀನಾಗಳ ಅಗ್ಗದ ರೇಷ್ಮೆ ಬಂದು ಮೈಸೂರು ಸಂಸ್ಥಾನದ ರೇಷ್ಮೆ ನೆಲಕಚ್ಚಿದಾಗ ಆಗಿನ ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆಸಿತು; 1934ರಲ್ಲಿ ರಕ್ಷಣಾ ಸುಂಕ ಬಂತು. ಎಂಬತ್ತು ವರ್ಷ ಕಳೆಯುವ ಮೊದಲೇ ಅದೇ ಕಥೆ ಮತ್ತೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿಯಿತು. ಹಿಪ್ಪುನೇರಳೆ ತೋಟ ಕಿತ್ತುಹಾಕಿದವರೂ ಇದ್ದರು. ಹೋರಾಟ, ಮನವಿ, ನಿಯೋಗಗಳ ನಂತರ 2013ರಲ್ಲಿ ಅದು ಶೇ 15 ಆಯಿತು. ನಡುವೆ 10ಕ್ಕೆ ಇಳಿದು 2021ರ ಬಜೆಟ್‌ನಲ್ಲಿ ಮತ್ತೆ 15ಕ್ಕೆ ಬಂತು.

ಹೀಗೆ ಬಜೆಟ್‌ನಿಂದ ಬಜೆಟ್‌ಗೆ ತೂಗಾಡುವ ಮಾಮೂಲಿ ಸುಂಕವಲ್ಲದೆ ಇನ್ನೊಂದು ಬಗೆಯದಿದೆ: ಆಂಟಿ ಡಂಪಿಂಗ್ ಸುಂಕ. ಹೊರದೇಶದವರು ತಮ್ಮಲ್ಲಿನ ಬೆಲೆಗಿಂತ ಕಡಿಮೆಗೆ ಇಲ್ಲಿ ಸುರಿಯುತ್ತಿದ್ದಾರೆ, ಅದರಿಂದ ನಮ್ಮವರಿಗೆ ನಷ್ಟವಾಗಿದೆ ಎಂದು ಸಾಬೀತಾದರೆ ಐದು ವರ್ಷಕ್ಕೆ ಹಾಕುವಂಥದ್ದು. ಚೀನಾದ ಕಚ್ಚಾ ರೇಷ್ಮೆಯ ಮೇಲೆ 2003ರಲ್ಲಿ ಇದನ್ನು ಹಾಕಲಾಯಿತು. ಇದನ್ನು ಕೇಳಲು ಕಾನೂನು ವಿಧಿಸಿರುವ ಷರತ್ತು ನೋಡಿ. ಅರ್ಜಿಯನ್ನು ಸ್ಪಷ್ಟವಾಗಿ ಬೆಂಬಲಿಸುವವರ ಉತ್ಪಾದನೆ ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ ಶೇ 25 ಇರಬೇಕು. ಪರ ಅಥವಾ ವಿರೋಧವಾಗಿ ಮಾತಾಡಿದವರ ಒಟ್ಟು ಉತ್ಪಾದನೆಯಲ್ಲಿ ಪರ ಇರುವವರದು ಅರ್ಧಕ್ಕಿಂತ ಹೆಚ್ಚಿರಬೇಕು. ಕೆಲವೇ ಗಿರಣಿಗಳು ಇಡೀ ದೇಶಕ್ಕೆ ಸರಕು ಕೊಡುವಂಥ ಉದ್ಯಮದಲ್ಲಿ ಮೂರು ಕಂಪನಿ ಕೂಡಿದರೆ ಇದು ತುಂಬುತ್ತದೆ. ಕಾಟೇಜ್ ಬೇಸಿನ್ ಇಟ್ಟುಕೊಂಡು ಮನೆ ಮಂದಿಯೆಲ್ಲ ಕೂಡಿ ನೂಲು ಬಿಚ್ಚುವ ರೀಲರ್‌ಗಳ ಉದ್ಯಮದಲ್ಲಿ ಶೇ 25 ತುಂಬಬೇಕಾದರೆ ಸಾವಿರಾರು ಕೈ ಸೇರಬೇಕು. ಇಲ್ಲಿ ಸಂಘವಿಲ್ಲದಿದ್ದರೆ ಅರ್ಜಿಯೇ ಇಲ್ಲ. ಗಾದೆಯ ಒಂಟಿ ಮನುಷ್ಯನನ್ನು ಕಾನೂನೇ ಬಾಗಿಲಲ್ಲಿ ನಿಲ್ಲಿಸಿಬಿಡುತ್ತದೆ.

ಸೇರಿದ ಮೇಲೂ ಎದೆ ಬಡಿದುಕೊಂಡರೆ ಸಾಲದು, ಲೆಕ್ಕ ಬೇಕು. ಒಂದು ಕಿಲೋ ನೂಲಿಗೆ ಎಷ್ಟು ಗೂಡು ಹೋಯಿತು, ಸೌದೆ, ಕೂಲಿ, ಕರೆಂಟು ಎಷ್ಟು, ಯಾವ ದರಕ್ಕೆ ಮಾರಿದಿರಿ, ಎಷ್ಟು ದಾಸ್ತಾನು ಉಳಿಯಿತು – ಇವನ್ನು ವರ್ಷಗಳ ಮಟ್ಟಿಗೆ ತೋರಿಸಬೇಕು. ರಾಮನಗರದ ಪುಣ್ಯವೆಂದರೆ ಗೂಡಿನ ಹರಾಜು ಕಂಪ್ಯೂಟರಿಗೆ ಬಂದಿದೆ; ಯಾವ ದಿನ ಯಾವ ಲಾಟು ಎಷ್ಟಕ್ಕೆ ಹೋಯಿತೆಂಬ ದಾಖಲೆ ಉಳಿಯುತ್ತದೆ. ಗೂಡಿನ ಕಡೆಯ ಈ ಲೆಕ್ಕಕ್ಕೆ ನೂಲಿನ ಕಡೆಯ ಲೆಕ್ಕ ಜೋಡಿಸಿಟ್ಟುಕೊಂಡರೆ ಅಷ್ಟು ಗಟ್ಟಿಯಾದ ಸಾಕ್ಷಿ ದೇಶದ ಬಹಳ ಕಡಿಮೆ ಸಣ್ಣ ಉದ್ಯಮಗಳಲ್ಲಿ ಸಿಕ್ಕೀತು. ಸುಂಕದ ವರ್ಷ ಬಂದಾಗ ಸಿದ್ಧತೆ ಶುರುಮಾಡಿದರೆ ಕೈಗೆ ಏನೂ ಸಿಗದು. ಬೆಲೆ ಚೆನ್ನಾಗಿರುವ ವರ್ಷದಲ್ಲೇ ಪುಸ್ತಕ ಬರೆಸುವ ಸಂಘ ನಿಜವಾದ ಸಂಘ.

ಇನ್ನೊಂದು ಸತ್ಯವನ್ನು ಇಲ್ಲಿ ಮುಚ್ಚಿಡಬಾರದು. ರೈತರಿಗೂ ರೀಲರ್‌ಗಳಿಗೂ ಸುಂಕ ಹೆಚ್ಚಿರಬೇಕು. ಸೀರೆ ನೇಯುವವರಿಗೆ, ಅದರಲ್ಲೂ ಚೀನಾದ ಒಂದೇ ಹದದ ನೂಲನ್ನು ನಂಬಿದ ಮಗ್ಗದವರಿಗೆ, ಕಡಿಮೆ ಇರಬೇಕು. ಇಬ್ಬರೂ ನಮ್ಮವರೇ. ದೆಹಲಿಯ ವಿಚಾರಣೆಯಲ್ಲಿ ಎರಡೂ ಕಡೆಯವರು ಮಾತಾಡಬಹುದು, ಮಾತಾಡುತ್ತಾರೆ ಕೂಡ. ಯಾವ ಕಡೆಯ ಸಂಘ ಗಟ್ಟಿಯಾಗಿ ಕೂತಿದೆಯೋ ಆ ಕಡೆಯ ಅಂಕಿಗಳು ಕಡತದೊಳಗೆ ಸೇರುತ್ತವೆ. ಸಂಘಗಳು ನಾಡಿನ ಹಿತವನ್ನೆಲ್ಲ ಪ್ರತಿನಿಧಿಸುತ್ತವೆ ಎಂದುಕೊಳ್ಳಬೇಡಿ, ಅವು ತಮ್ಮ ಸದಸ್ಯರನ್ನು ಪ್ರತಿನಿಧಿಸುತ್ತವೆ. ಸದಸ್ಯರಲ್ಲದವರ ನಷ್ಟ ಯಾರ ಪುಸ್ತಕದಲ್ಲೂ ಇರುವುದಿಲ್ಲ.

ಮತ್ತೆ ನಿಮ್ಮ ಗೊಂಬೆಗೆ ಬರೋಣ. ಅಮೆರಿಕದ ಬಾಗಿಲು ಕಿರಿದಾದರೆ ಬೇರೆ ಬಾಗಿಲುಗಳಿವೆ. ಯುಎಇ ಜೊತೆಗಿನ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ ಜೊತೆಗಿನದು ಅದೇ ವರ್ಷದ ಡಿಸೆಂಬರ್ 29ರಿಂದ, ಸ್ವಿಟ್ಜರ್ಲೆಂಡ್, ನಾರ್ವೆ ಸೇರಿದ ನಾಲ್ಕು ದೇಶಗಳ ಗುಂಪಿನ ಜೊತೆಗಿನದು 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿವೆ. ಬ್ರಿಟನ್ ಜೊತೆ 2025ರ ಜುಲೈ 24ರಂದು ಸಹಿಯಾಗಿದೆ. ಈ ರಿಯಾಯಿತಿಗಳು ತಾವಾಗಿ ಬರುವುದಿಲ್ಲ. ಸರಕು ಭಾರತದ್ದೇ ಎಂದು ತೋರಿಸುವ ಸರ್ಟಿಫಿಕೇಟ್ ಆಫ್ ಆರಿಜಿನ್ ಜೊತೆಗಿರಬೇಕು. ಒಪ್ಪಂದದ ರಿಯಾಯಿತಿಗೆ ಬೇಕಾದ ಪತ್ರವನ್ನು ಸರ್ಕಾರ ಗೊತ್ತುಮಾಡಿದ ಸಂಸ್ಥೆಗಳು ವಿದೇಶಿ ವ್ಯಾಪಾರ ನಿರ್ದೇಶನಾಲಯದ ಆನ್‌ಲೈನ್ ವ್ಯವಸ್ಥೆಯಲ್ಲಿ ಕೊಡುತ್ತವೆ. ರಿಯಾಯಿತಿ ಇಲ್ಲದ ಸಾಮಾನ್ಯ ಪತ್ರವನ್ನು ವಾಣಿಜ್ಯ ಸಂಘಗಳೇ ಕೊಡುತ್ತವೆ. ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿರುವ ಎಫ್‌ಕೆಸಿಸಿಐ ಅಂಥದ್ದು. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಅವರು ಮೈಸೂರು ಚೇಂಬರ್ ಆಫ್ ಕಾಮರ್ಸ್ ಎಂದು ಆರಂಭಿಸಿದ ಸಂಸ್ಥೆಯೇ ಅದು. ಆಲೆ ಮರ, ಅರಗು ಎರಡೂ ಇಲ್ಲಿನದೇ ಆಗಿದ್ದರೆ ಮೂಲ ತೋರಿಸುವುದು ನಿಮಗೆ ಕಷ್ಟವಾಗಲಾರದು. ಖರೀದಿ ರಸೀದಿ ಇಟ್ಟುಕೊಂಡಿದ್ದರೆ ಸಾಕು. ಚೀನಾ ನೂಲಿನಲ್ಲಿ ನೇಯ್ದ ರೇಷ್ಮೆ ಶಾಲಿಗೆ ಅಷ್ಟು ಸುಲಭವಿಲ್ಲ. ಪ್ರತಿ ಒಪ್ಪಂದದಲ್ಲೂ ನಿಯಮ ಬೇರೆ, ನೂಲು ಎಲ್ಲಿಂದ ಬಂತೆಂಬ ಕಾಗದ ಬೇಕು.

ರಫ್ತಿನ ಸವಲತ್ತುಗಳಿಗೆ ಕರಕುಶಲ ವಸ್ತುಗಳ ರಫ್ತು ಉತ್ತೇಜನ ಮಂಡಳಿ, ಅಂದರೆ ಇಪಿಸಿಎಚ್‌ನ ನೋಂದಣಿ ಪತ್ರ ಬೇಕು. ಕೊಳ್ಳುವವನು ಹಣ ಕೊಡದೆ ಕೈಯೆತ್ತಿದರೆ ಕಾಯಲು ಇಸಿಜಿಸಿ ವಿಮೆ ಇದೆ. ಸುಂಕದ ಹೊಡೆತಕ್ಕೆ ಕೇಂದ್ರ ಸಂಪುಟ 2025ರ ನವೆಂಬರ್‌ನಲ್ಲಿ ರಫ್ತುದಾರರಿಗೆ ಸಾಲ ಖಾತರಿ ಯೋಜನೆ ಒಪ್ಪಿತು. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರಿಂದ ಇದೆ, ಬೆಂಗಳೂರಿನ ವಿಜಯನಗರದಲ್ಲಿ ಅದರ ಕಚೇರಿ. ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದವರು ಈ ದಾರಿಗಳನ್ನು ಬಲ್ಲರು. ಅಲ್ಲಿನ ದೊಡ್ಡ ಕಾರ್ಖಾನೆಗಳಿಗೆ ಸುಂಕ ನೋಡಿಕೊಳ್ಳಲು ಪ್ರತ್ಯೇಕ ವಿಭಾಗವೇ ಇರುತ್ತದೆ. ಕನಕಪುರದ ಕಲ್ಲಿನವರಿಗೆ ಬೆಂಗಳೂರಿನಲ್ಲಿ ಗ್ರಾನೈಟ್ ಉದ್ಯಮದ ಅಖಿಲ ಭಾರತ ಒಕ್ಕೂಟ ಫಿಗ್ಸಿ ಇದೆ, ಸ್ಟೋನಾ ಮೇಳ ನಡೆಸುವುದು ಅದೇ. ಲೇತ್‌ನವರಿಗೆ ಮತ್ತು ಬೇಸಿನ್‌ನವರಿಗೆ ಮಾತ್ರ ತಮ್ಮ ಊರಿನಲ್ಲೇ ಅಂಥ ಬಲವಾದ ಕೂಟವಿಲ್ಲ. ಹಬ್ಬಕ್ಕೆ ಸನ್ಮಾನ, ಚುನಾವಣೆಗೆ ಮನವಿ ಪತ್ರ, ಇಷ್ಟಕ್ಕೇ ನಿಲ್ಲುವ ಸಂಘಗಳನ್ನು ಕಂಡು ನನಗೆ ಬೇಸರವಾಗಿದೆ.

ಒಂದು ಎಚ್ಚರಿಕೆ. ಸುಂಕ ಬಂತೆಂದು ಎಲ್ಲರೂ ಕೂಡಿ ‘ಇಷ್ಟಕ್ಕಿಂತ ಕಡಿಮೆಗೆ ಮಾರಬಾರದು’ ಎಂದು ಸಂಘದಲ್ಲಿ ಠರಾವು ಮಾಡಬೇಡಿ. ಬೆಲೆ ಕಟ್ಟುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ತಪ್ಪು. ಮಾದರಿ ಕರಾರು ಪತ್ರ ಬರೆಸಿ ಹಂಚಬಹುದು. ಅದರಲ್ಲಿ ಒಂದು ಸಾಲು ಮುಖ್ಯ: ಆರ್ಡರ್ ಆದ ಮೇಲೆ ಸುಂಕ ಏರಿದರೆ ಹೆಚ್ಚಿನ ಭಾರ ಯಾರದು, ಎಷ್ಟು ಪಾಲು. 500 ರೂಪಾಯಿಯ ಗೊಂಬೆಗೆ ಶೇ 50 ಸುಂಕವೆಂದರೆ 250. ಈ ಸಾಲು ಇಲ್ಲದ ಕರಾರಿನಲ್ಲಿ ಕೊಳ್ಳುವವನು ಬೆಲೆಯಿಂದ ಕಡಿತ ಕೇಳುತ್ತಾನೆ, ಮಾಲು ಅಲ್ಲಿ ಬಂದರಿನಲ್ಲಿ ಕೂತಿರುವಾಗ ನೀವು ಒಪ್ಪಲೇಬೇಕಾಗುತ್ತದೆ.

ಆದ್ದರಿಂದ ಸಂಘಕ್ಕೆ ಸೇರಿ, ಆದರೆ ಸುಮ್ಮನೆ ಸೇರಬೇಡಿ. ಅರ್ಧಕ್ಕೆ ನಿಂತ ಆ ಆರ್ಡರಿನ ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನ ಸಭೆಗೆ ಹೋಗಿ. ಇದಕ್ಕೆ ಯಾವ ಕೋಡ್ ಬೀಳುತ್ತದೆ, ಇವತ್ತಿನ ದರ ಎಷ್ಟು, ಮೂಲದ ಪತ್ರ ಯಾರು ಮಾಡಿಸಿಕೊಡುತ್ತಾರೆ, ಜಿಐ ಪಟ್ಟಿಯಲ್ಲಿ ನನ್ನ ಹೆಸರು ಇದೆಯೇ ಎಂದು ಎಲ್ಲರೆದುರು ಕೇಳಿ. ಉತ್ತರ ಕೊಡುವವರಿದ್ದರೆ ಅಲ್ಲೇ ಚಂದಾ ಕಟ್ಟಿ. ಇಲ್ಲದಿದ್ದರೆ ಅದೇ ಪ್ರಶ್ನೆಯಿರುವ ಇನ್ನು ಹತ್ತು ಲೇತ್‌ನವರನ್ನು ಕರೆದು ನೀವೇ ಕೂರಿ.